ಪ್ರಕಾರ ವಿಳಾಸವಲ್ಲ

ಪುಸ್ತಕಗಳನ್ನು ಮೊದಲು ಸಾಹಿತ್ಯ ಪ್ರಕಾರದಿಂದ, ಆಮೇಲೆ ಗಾತ್ರ ಮತ್ತು ರೂಪದಿಂದ ವಿಂಗಡಿಸಬೇಕೆಂಬುದು ಕನ್ನಡದ ಗ್ರಂಥಾಲಯಗಳಲ್ಲಿ, ಅಂಗಡಿಗಳಲ್ಲಿ, ಪ್ರಶಸ್ತಿ ಸಮಿತಿಗಳಲ್ಲಿ ಸಾಮಾನ್ಯವಾಗಿ ಯಾರೂ ಪ್ರಶ್ನಿಸದ ಪದ್ಧತಿ. ಕಾದಂಬರಿಗೊಂದು ಕಪಾಟು, ಸಣ್ಣಕತೆಗೊಂದು, ಕವನ, ನಾಟಕ, ಲಲಿತ ಪ್ರಬಂಧ, ಪ್ರವಾಸ, ಜೀವನಚರಿತ್ರೆಗಳಿಗೆ ಒಂದೊಂದು ಖಾನೆ. ಎಲ್ಲಿಯೂ ಹಿಡಿಸದ್ದಕ್ಕೆ ‘ಸಂಕೀರ್ಣ’. ಪ್ರಕಾಶಕರು ಪುಸ್ತಕದ ಹೆಸರಿನ ಕೆಳಗೆ ಕಂಸದೊಳಗೆ ‘ಕಾದಂಬರಿ’ ಎಂದು ಅಚ್ಚು ಹಾಕಿಸುತ್ತಾರೆ. 1961ರಲ್ಲಿ ಹುಟ್ಟಿದ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳು ಇದೇ ಖಾನೆಗಳ ಲೆಕ್ಕದಲ್ಲಿ ಹಂಚಿಕೆಯಾಗುತ್ತವೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕಡೆ ಕನ್ನಡ ಸಂಘವೊಂದು ಮೂರು ಕಪಾಟು ಪುಸ್ತಕ ಕೂಡಿಹಾಕಿದರೂ ಮೊದಲು ಅಂಟಿಸಹೊರಡುವುದು ಇವೇ ಚೀಟಿಗಳನ್ನು. ಪದ್ಧತಿ ಹಳೆಯದಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಪ್ರಕಾರವೆಂಬುದು ಪುಸ್ತಕದ ಬಗ್ಗೆ ಹೇಳಬಹುದಾದ ಹತ್ತು ಮಾತುಗಳಲ್ಲಿ ಒಂದು. ಆ ಒಂದು ಮಾತನ್ನೇ ಪುಸ್ತಕದ ವಿಳಾಸ ಮಾಡಿದ್ದರಿಂದ ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ತಮ್ಮ ಓದುಗರ ಕಣ್ಣು ತಪ್ಪಿಸಿ ಕುಳಿತಿವೆ.

ವಿಳಾಸವೇ ಬೇರೆ, ವರ್ಣನೆಯೇ ಬೇರೆ ಎಂಬುದಕ್ಕೆ ಥಾಣೆಯ ವಾಗ್ಳೆ ಎಸ್ಟೇಟ್ ಒಳ್ಳೆಯ ಸಾಕ್ಷಿ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದಾಗ ಅದರ ಸ್ಥಾಪನೆಯ ಸಮಾರಂಭ ನಡೆದದ್ದು ಈ ಎಸ್ಟೇಟ್‌ನಲ್ಲಿಯೇ, ಮುಖ್ಯಮಂತ್ರಿ ಯಶವಂತರಾವ್ ಚವಾಣರ ಅಧ್ಯಕ್ಷತೆಯಲ್ಲಿ. ಇಲ್ಲಿನ ರಸ್ತೆಗಳನ್ನು ಗುರುತಿಸುವುದು ಅಂಕಿಯಿಂದ: ರೋಡ್ ನಂಬರ್ 16, 22, 28 ಎಂದು. ಪ್ಲಾಟುಗಳಿಗೂ ಅಂಕಿಯೇ. ಲೇತ್ ಮಶೀನು ತಿರುಗುತ್ತಿದ್ದ ಶೆಡ್ಡಿನ ಜಾಗದಲ್ಲಿ ಇಂದು ಗಾಜಿನ ಗೋಡೆಯ ಕಂಪ್ಯೂಟರ್ ಕಚೇರಿ ಎದ್ದಿದೆ; ಪಾಸ್‌ಪೋರ್ಟ್ ಮಾಡಿಸಲು ಬರುವವರ ಸಾಲು ಕಾರ್ಖಾನೆಯ ಗೇಟುಗಳ ನಡುವೆಯೇ ನಿಲ್ಲುತ್ತದೆ. ಕೆಲಸ ಬದಲಾಯಿತು, ಅಂಕಿ ಬದಲಾಗಲಿಲ್ಲ. ಆದ್ದರಿಂದಲೇ ಅಂಚೆಯವನು ಇಂದಿಗೂ ದಾರಿ ತಪ್ಪುವುದಿಲ್ಲ. ಆರಂಭದಲ್ಲಿಯೇ ಯಾರಾದರೂ ಒಂದು ರಸ್ತೆಗೆ ‘ಎಂಜಿನಿಯರಿಂಗ್ ರಸ್ತೆ’, ಇನ್ನೊಂದಕ್ಕೆ ‘ಔಷಧ ರಸ್ತೆ’ ಎಂದು ಹೆಸರಿಟ್ಟಿದ್ದರೆ ಆ ಫಲಕಗಳು ಈಗ ಸುಳ್ಳು ಹೇಳುತ್ತಿದ್ದವು. ಕಪಾಟಿನ ಮೇಲಿನ ‘ಕಾದಂಬರಿ’ ಚೀಟಿ ಇಂಥದ್ದೇ ಫಲಕ.

ಇದಕ್ಕೆ ಎದುರಾಗಿ ಅದೇ ಎಸ್ಟೇಟಿನ ಕಾರ್ಖಾನೆಯೊಂದರ ಸ್ಟೋರ್ ರೂಮನ್ನು ತೋರಿಸುವವರಿದ್ದಾರೆ. ಅಲ್ಲಿ ನಟ್ಟು, ಬೋಲ್ಟು, ವಾಷರುಗಳನ್ನು ಜಾತಿ ಮತ್ತು ಅಳತೆಯಿಂದಲೇ ವಿಂಗಡಿಸಿ ಇಡುತ್ತಾರಲ್ಲವೇ? ಇಡುತ್ತಾರೆ, ಏಕೆಂದರೆ ಹತ್ತು ಮಿಲಿಮೀಟರಿನ ಒಂದು ಬೋಲ್ಟು ಇಲ್ಲದಿದ್ದರೆ ಅದೇ ಅಳತೆಯ ಮತ್ತೊಂದು ಬೋಲ್ಟು ಕೆಲಸಕ್ಕೆ ಬರುತ್ತದೆ. ಒಂದು ಡಬ್ಬದಲ್ಲಿರುವ ವಸ್ತುಗಳು ಒಂದರ ಬದಲಿಗೆ ಒಂದು ಸಲ್ಲುವಂಥವು ಎಂಬುದೇ ಆ ವಿಂಗಡಣೆಯ ತಳಹದಿ. ಯಶವಂತ ಚಿತ್ತಾಲರ ‘ಶಿಕಾರಿ’ ಕೇಳಿದವನಿಗೆ ಅದು ಹೊರಗೆ ಹೋಗಿದೆಯೆಂದು ಪಕ್ಕದಲ್ಲಿದ್ದ ಬೇರೆ ಕಾದಂಬರಿ ಕೊಟ್ಟರೆ ಗಿರಾಕಿಗೆ ಕೋಪ ಬರುವುದು ನ್ಯಾಯ. ಬೋಲ್ಟಿಗೆ ಸಲ್ಲುವ ತರ್ಕ ಪುಸ್ತಕಕ್ಕೆ ಸಲ್ಲದು.

ಇನ್ನು ಪ್ರಕಾರಗಳ ಪಟ್ಟಿಯನ್ನೇ ತೆಗೆದುಕೊಂಡರೆ ಅದು ತರ್ಕದ ಮೊದಲ ಪರೀಕ್ಷೆಯಲ್ಲೇ ಸೋಲುತ್ತದೆ. ಯಾವುದೇ ವಿಂಗಡಣೆ ಒಂದು ಹಂತದಲ್ಲಿ ಒಂದೇ ಲಕ್ಷಣವನ್ನು ಆಧಾರ ಮಾಡಿಕೊಳ್ಳಬೇಕು ಎಂಬುದು ವರ್ಗೀಕರಣದ ಓನಾಮ. ಕನ್ನಡದ ಬಹುಮಾನಗಳ ಮತ್ತು ಕಪಾಟುಗಳ ಪಟ್ಟಿಯಲ್ಲಿ ‘ಕವನ’ವೆಂಬುದು ಬರಹದ ರೂಪ, ‘ಮಕ್ಕಳ ಸಾಹಿತ್ಯ’ ಓದುಗನ ವಯಸ್ಸು, ‘ವಿಜ್ಞಾನ’ ವಿಷಯ, ‘ಅನುವಾದ’ ಬರೆದ ಬಗೆ, ‘ಅಂಕಣ ಬರಹ’ ಮೊದಲು ಅಚ್ಚಾದ ಜಾಗ, ‘ಮೊದಲ ಕೃತಿ’ ಲೇಖಕನ ಜಾತಕ. ಆರು ಅಳತೆಗೋಲುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಇವೆಲ್ಲ ಒಂದೇ ಬಗೆಯ ಭೇದಗಳೆಂದು ನಂಬಲಾಗಿದೆ. ಮಕ್ಕಳಿಗಾಗಿ ಮರಾಠಿಯಿಂದ ಅನುವಾದಿಸಿದ ವಿಜ್ಞಾನ ನಾಟಕವೊಂದು ಬಂದರೆ ನಾಲ್ಕು ಖಾನೆಗಳು ಅದರ ಮೇಲೆ ಹಕ್ಕು ಸಾಧಿಸುತ್ತವೆ. ಗೆಲ್ಲುವುದು ಚೀಟಿ ಬರೆಯುವವನ ಆ ದಿನದ ಮನಸ್ಸು. ‘ಸಂಕೀರ್ಣ’ ಎಂಬ ಖಾನೆಯಂತೂ ಪಟ್ಟಿ ತಾನೇ ಬರೆದುಕೊಟ್ಟ ತಪ್ಪೊಪ್ಪಿಗೆ.

ಹಿಂದಕ್ಕೆ ಹೋದಷ್ಟೂ ಈ ತೊಡಕು ಬಿಗಿಯಾಗುತ್ತದೆ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ಕಾವ್ಯಭೇದಗಳೆಂದು ಚತ್ತಾಣ, ಬೆದಂಡೆಗಳನ್ನು ಹೆಸರಿಸುತ್ತದೆ. ಆ ಕಾಲದ ಚತ್ತಾಣವಾಗಲಿ ಬೆದಂಡೆಯಾಗಲಿ ಒಂದೂ ಕೈಸೇರಿಲ್ಲ. ಅವುಗಳ ಸ್ವರೂಪ ಏನಿದ್ದೀತೆಂದು ವಿದ್ವಾಂಸರು ಊಹಿಸುತ್ತಲೇ ಇದ್ದಾರೆ. ಚೀಟಿ ಉಳಿದಿದೆ, ಕಪಾಟು ಖಾಲಿ. ಮುಂದಿನ ಶತಮಾನದಲ್ಲಿ, 941ರ ಹೊತ್ತಿಗೆ ಪಂಪ ಬರೆದದ್ದು ಚಂಪೂ, ಅಂದರೆ ಗದ್ಯ ಪದ್ಯಗಳೆರಡೂ ಒಂದರೊಳಗೊಂದು ಬೆರೆತ ಬರಹ. ಗದ್ಯಕ್ಕೊಂದು ಪದ್ಯಕ್ಕೊಂದು ಎಂದು ಕಪಾಟು ಬೇರೆ ಮಾಡುವವನಿಗೆ ಕನ್ನಡದ ಆದಿಕವಿಯನ್ನೇ ಇಡಲು ಜಾಗವಿಲ್ಲ. ಪಂಪ ದೊಡ್ಡವನಾದ್ದರಿಂದ ಅವನನ್ನು ‘ಕಾವ್ಯ’ಕ್ಕೆ ತಳ್ಳಿ ಕೈತೊಳೆದುಕೊಳ್ಳಲಾಗುತ್ತದೆ.

ವಚನಗಳ ಕತೆ ಇನ್ನೂ ವಿಚಿತ್ರ. ವಚನವೆಂದರೆ ಮಾತು, ಸಾಹಿತ್ಯ ಚರಿತ್ರೆಗಳಲ್ಲಿ ‘ವಚನ ಗದ್ಯ’ ಎಂಬ ಹೆಸರು ಬಹುಕಾಲ ನಡೆಯಿತು. ತಾಳೆಗರಿಯಲ್ಲಿ ಅವು ಸಾಲು ಮುರಿಯದೆ ಒಂದೇ ಸಮನೆ ಬರೆದ ಬರಹಗಳು. ಸಾಲು ಒಡೆದು ಕವಿತೆಯಂತೆ ಕಾಣುವ ಹಾಗೆ ಮಾಡಿದ್ದು ಅಚ್ಚಿನ ಮನೆ. ಫ.ಗು. ಹಳಕಟ್ಟಿ 1923ರಲ್ಲಿ ವಚನಗಳ ಮಹತ್ವದ ಸಂಕಲನವನ್ನು ಹೊರತಂದಾಗ ಅದಕ್ಕೆ ಇಟ್ಟ ಹೆಸರು ‘ವಚನಶಾಸ್ತ್ರಸಾರ’. ಅವರ ಕಣ್ಣಿಗೆ ಅದು ಶಾಸ್ತ್ರ. ಹೀಗೆ ಒಂದೇ ಬರಹ ಒಂದು ಗ್ರಂಥಾಲಯದಲ್ಲಿ ಕಾವ್ಯ, ಇನ್ನೊಂದರಲ್ಲಿ ಗದ್ಯ, ಮತ್ತೊಂದರಲ್ಲಿ ಧರ್ಮ. ಬಸವಣ್ಣನ ವಚನಗಳನ್ನು ಹುಡುಕಿ ಬಂದವನು ಮೂರೂ ಕಡೆ ಹೋಗಬೇಕು. ಇದರಲ್ಲಿ ವಚನಗಳ ತಪ್ಪೇನೂ ಇಲ್ಲ.

ಈ ತಮಾಷೆಯನ್ನು ಮೊದಲೇ ಕಂಡುಕೊಂಡವನು ಉಡುಪಿಯ ವ್ಯಾಯಾಮ ಶಿಕ್ಷಕ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901). ಮುದ್ದಣನೆಂಬ ಹೆಸರಿನಲ್ಲಿ ಅವನು ಬರೆದ ‘ಶ್ರೀರಾಮಾಶ್ವಮೇಧಂ’ನಲ್ಲಿ ಕತೆ ಶುರುವಾಗುವ ಮೊದಲು ಗಂಡ ಹೆಂಡಿರ ನಡುವೆ ಕತೆ ಪದ್ಯದಲ್ಲಿರಬೇಕೋ ಗದ್ಯದಲ್ಲಿರಬೇಕೋ ಎಂಬ ಮಾತುಕತೆ ನಡೆಯುತ್ತದೆ. ತೀರ್ಮಾನ ಗದ್ಯದ ಪರ. ಪ್ರಕಾರವನ್ನು ಆರಿಸಿಕೊಡುವವಳು ಕೇಳುಗಳಾದ ಹೆಂಡತಿ ಮನೋರಮೆ. ಅದೂ ಅವಳ ಆ ಹೊತ್ತಿನ ರುಚಿಗೆ ತಕ್ಕಂತೆ. ನಡುನಡುವೆ ಅವಳು ಬಾಯಿ ಹಾಕುತ್ತಲೇ ಇರುತ್ತಾಳೆ. ಪುರಾಣದ ಕತೆಯೂ ಮನೆಯ ಮಾತೂ ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. ಇದು ಪುರಾಣವೇ, ಗದ್ಯಕಾವ್ಯವೇ, ನಾಟಕವೇ, ಕಾದಂಬರಿಯ ಮುನ್ನುಡಿಯೇ ಎಂದು ಕೇಳುವುದು ಮನೋರಮೆಗೆ ನಗು ತರಿಸುತ್ತಿತ್ತು.

ಕರಾವಳಿಯಿಂದ ಮುಂಬಯಿಗೆ ಬಂದವರು ತಮ್ಮೊಂದಿಗೆ ಕರೆತಂದ ಯಕ್ಷಗಾನವೂ ಹೀಗೆಯೇ ಖಾನೆಗಳನ್ನು ಕೆಡಿಸುತ್ತದೆ. ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸುತ್ತಿದ್ದಂಥ ಪ್ರಸಂಗದ ಪುಸ್ತಕದಲ್ಲಿ ಇರುವುದು ಹಾಡು ಮಾತ್ರ. ಅರ್ಥ ಹೇಳುವವನ ಮಾತು ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟುತ್ತದೆ. ಓದಿದರೆ ಪದ್ಯ, ಹಿಡಿದು ಆಡಿದರೆ ನಾಟಕ, ಭಾಗವತನ ಕೈಯಲ್ಲಿ ಸಂಗೀತ, ವಸ್ತುವಿನಿಂದ ರಾಮಾಯಣ ಭಾರತ. ನಾಟಕದ ಕಪಾಟಿನಲ್ಲಿಟ್ಟರೆ ಅಲ್ಲಿ ಸಂಭಾಷಣೆ ಹುಡುಕುವವನಿಗೆ ನಿರಾಸೆ. ಕಾವ್ಯದಲ್ಲಿಟ್ಟರೆ ಭಾಗವತನ ಕೈಗೆ ಸಿಗುವುದಿಲ್ಲ.

ಪ್ರಕಾರದ ಹೆಸರುಗಳು ಸಾರ್ವತ್ರಿಕ ಎಂದು ತಿಳಿದವರು ಒಂದು ಗಡಿ ದಾಟಿದರೆ ಸಾಕು, ಭ್ರಮೆ ಹರಿಯುತ್ತದೆ. ‘ಪ್ರಬಂಧ’ವೆಂದರೆ ಕನ್ನಡದಲ್ಲಿ ಗೊರೂರರೋ ಎ.ಎನ್. ಮೂರ್ತಿರಾಯರೋ ಬರೆದ ಹರಟೆಯಂಥ ಬರಹ. ಅದಕ್ಕೇ ‘ಮಹಾ’ ಸೇರಿಸಿದರೆ ಪಿಎಚ್.ಡಿ.ಗೆ ಒಪ್ಪಿಸುವ ಗ್ರಂಥ. ಮರಾಠಿಯಲ್ಲಿ ‘ಪ್ರಬಂಧ’ ಎಂದರೇ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಸಂಶೋಧನೆ. ತೆಲುಗಿನಲ್ಲಿ ಅದು ಕೃಷ್ಣದೇವರಾಯನ ಕಾಲದ ಕಾವ್ಯ, ತಮಿಳಿನಲ್ಲಿ ಆಳ್ವಾರರ ಹಾಡು, ಗುಜರಾತಿನ ಜೈನರಲ್ಲಿ ರಾಜರ ಮತ್ತು ಆಚಾರ್ಯರ ಕತೆ. ಹಿಂದಿಯವನು ‘ಉಪನ್ಯಾಸ್’ ಕೇಳಿದರೆ ಅವನಿಗೆ ಬೇಕಾದದ್ದು ಕಾದಂಬರಿ. ಕನ್ನಡಿಗನಿಗೆ ಅದೇ ಪದ ಕಾಲೇಜಿನ ಗಂಟೆಯನ್ನು ನೆನಪಿಸುತ್ತದೆ. ‘ಕಾದಂಬರಿ’ಯಲ್ಲಿ ಮಾತ್ರ ಕನ್ನಡ, ಮರಾಠಿಗಳೆರಡೂ ಒಂದಾದವು, 1864ರ ಕಲ್ಯಾಣದ ಸಾರ್ವಜನಿಕ ವಾಚನಾಲಯಕ್ಕೂ 1893ರ ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯಕ್ಕೂ ಕನ್ನಡಿಗ ಹೋಗಿ ಆ ಪದ ಬಳಸಬಹುದು. ಆದರೆ ಆ ಪದವಾದರೂ ಏನು? 7ನೆಯ ಶತಮಾನದಲ್ಲಿ ಬಾಣಭಟ್ಟ ಬರೆದ ಒಂದು ಸಂಸ್ಕೃತ ಗ್ರಂಥದ ಹೆಸರು. ಒಂದು ಪುಸ್ತಕದ ಹೆಸರನ್ನು ಎತ್ತಿ ಲಕ್ಷ ಪುಸ್ತಕಗಳಿಗೆ ತೊಡಿಸಿ, ಬಳಿಕ ಅದು ನಿಸರ್ಗಸಿದ್ಧ ಜಾತಿಯೆಂಬಂತೆ ವಾದ ಮಾಡಲಾಗುತ್ತಿದೆ.

ಆ ವಾದದ ಫಲವೇ ‘ಕನ್ನಡದ ಮೊದಲ ಕಾದಂಬರಿ ಯಾವುದು’ ಎಂಬ ಮುಗಿಯದ ಜಗಳ. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಎಂದು ಒಬ್ಬರು, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಎಂದು ಇನ್ನೊಬ್ಬರು. ಇವುಗಳ ನಡುವೆ 76 ವರ್ಷಗಳ ಅಂತರವಿದೆ. ಎರಡನ್ನೂ ಓದದೆಯೇ ಜಗಳವಾಡಬಹುದು, ಏಕೆಂದರೆ ಪ್ರಶ್ನೆ ಪುಸ್ತಕದ ಬಗ್ಗೆಯಲ್ಲ, ಚೀಟಿಯ ಬಗ್ಗೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪ್ರಕಾರಗಳ ಕನ್ನಡಕ ಹಾಕಿಕೊಂಡ ಸಾಹಿತ್ಯ ಚರಿತ್ರೆಗೆ 19ನೆಯ ಶತಮಾನ ಬಹುಮಟ್ಟಿಗೆ ಬರಡಾಗಿ ಕಂಡಿತು: ಮಹಾಕಾವ್ಯವಿಲ್ಲ, ಕಾದಂಬರಿ ಇನ್ನೂ ಇಲ್ಲ. ಆ ಬರಡು ಸುಳ್ಳೆಂದು ತೋರಿಸಿಕೊಟ್ಟವರು ವೃತ್ತಿಯಿಂದ ಗ್ರಂಥಪಾಲರಾಗಿದ್ದು, ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ನಡೆಸಿದ ಶ್ರೀನಿವಾಸ ಹಾವನೂರರು. ಅವರ ‘ಹೊಸಗನ್ನಡದ ಅರುಣೋದಯ’ (1974) ಶಾಲೆಯ ಪಠ್ಯ, ವ್ಯಾಕರಣ, ನಿಘಂಟು, ಮಿಷನರಿಗಳ ಕಿರುಹೊತ್ತಗೆ, 1843ರ ‘ಮಂಗಳೂರ ಸಮಾಚಾರ’ದಂಥ ಪತ್ರಿಕೆ, ಹೀಗೆ ಅಚ್ಚಾದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ‘ಸಂಕೀರ್ಣ’ದ ಮೂಲೆಯಲ್ಲಿ ಬಿದ್ದಿದ್ದವುಗಳಿಂದಲೇ ಒಂದು ಶತಮಾನ ಎದ್ದು ಬಂತು. ಪ್ರಕಾರದ ಬಾಗಿಲು ಕಾಯುತ್ತ ಕುಳಿತಿದ್ದರೆ ಆ ಗ್ರಂಥ ಹುಟ್ಟುತ್ತಿರಲಿಲ್ಲ.

ಗ್ರಂಥಾಲಯ ಶಾಸ್ತ್ರ ಈ ರೋಗವನ್ನು ಗುಣಪಡಿಸುವ ಬದಲು ಬೆಳೆಸಿತು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ಸಲ್ಲುವ ಅಂಕಿ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥನ, 4 ಪ್ರಬಂಧ, 5 ಭಾಷಣ, 6 ಪತ್ರ, 7 ಹಾಸ್ಯ, 8 ಇತರೆ. ಇದು 19ನೆಯ ಶತಮಾನದ ಅಮೆರಿಕದ ಕಾಲೇಜಿನ ಪಠ್ಯಕ್ರಮ. ರಗಳೆ, ಷಟ್ಪದಿ, ಸಾಂಗತ್ಯ, ತ್ರಿಪದಿ, ಕೀರ್ತನೆಗಳೆಲ್ಲ ಒಂದೇ ‘1’ರೊಳಗೆ ತುರುಕಿಕೊಳ್ಳಬೇಕು, ಕನ್ನಡದಲ್ಲಿ ವಿರಳವಾದ ಭಾಷಣ ಸಂಗ್ರಹಕ್ಕೆ ಮಾತ್ರ ಸ್ವಂತ ಅಂಕಿ. ಅಷ್ಟೇ ಅಲ್ಲ, ಕುಮಾರವ್ಯಾಸನ ಭಾರತವನ್ನು 894.8141ಕ್ಕೂ ಹಾಕಬಹುದು, ಮಹಾಭಾರತವೆಂದು 294.5923ಕ್ಕೂ ಒಯ್ಯಬಹುದು.

ಎಸ್.ಆರ್. ರಂಗನಾಥನ್ ಇದಕ್ಕಿಂತ ಬಹಳ ಮುಂದೆ ಯೋಚಿಸಿದರು. ಮದರಾಸಿನ ಈ ಗಣಿತದ ಅಧ್ಯಾಪಕ 1924ರಲ್ಲಿ ಗ್ರಂಥಪಾಲನೆ ಕಲಿಯಲು ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ತೂತು ಕೊರೆದ ಕೆಲವೇ ಪಟ್ಟಿಗಳು, ಕೆಲವು ನಟ್ಟು ಬೋಲ್ಟು. ಅವುಗಳನ್ನೇ ಬೇರೆ ಬೇರೆಯಾಗಿ ಜೋಡಿಸಿದರೆ ಸೇತುವೆ, ಕ್ರೇನು, ಗಾಡಿ. ಪುಸ್ತಕದ ವಿಷಯವನ್ನೂ ಸಿದ್ಧ ಖಾನೆಗೆ ತಳ್ಳದೆ ಮುಖಗಳಾಗಿ ಬಿಚ್ಚಿ ಮತ್ತೆ ಜೋಡಿಸಬಹುದೆಂಬ ಯೋಚನೆ ಅಲ್ಲಿ ಮೊಳೆತು 1933ರಲ್ಲಿ ಕೋಲನ್ ಪದ್ಧತಿಯಾಯಿತು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿ 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಸಾಹಿತ್ಯದ ರೂಪಗಳಲ್ಲಿ ಚಂಪೂವಿಗೆ 7 ಎಂಬ ಪ್ರತ್ಯೇಕ ಅಂಕಿ ಕೊಟ್ಟ ಪದ್ಧತಿ ಅದು. ಲೇಖಕನನ್ನು ಅವನು ಹುಟ್ಟಿದ ವರ್ಷದಿಂದ ಗುರುತಿಸುವ ಚಮತ್ಕಾರವೂ ಅದರಲ್ಲಿದೆ. ಇಷ್ಟಾದರೂ ಸಾಹಿತ್ಯದ ವಿಚಾರಕ್ಕೆ ಬಂದಾಗ ಅವರೂ ಭಾಷೆ, ರೂಪ, ಲೇಖಕ, ಕೃತಿ ಎಂಬ ಅನುಕ್ರಮವನ್ನೇ ಹಿಡಿದರು. ಅಂದರೆ ಇಲ್ಲಿಯೂ ಕುವೆಂಪು ಅವರ ಮನೆ ಪಾಲಾಗಿ ಹೋಯಿತು: ‘ಶ್ರೀರಾಮಾಯಣ ದರ್ಶನಂ’ ಒಂದು ಕಡೆ, ‘ಕಾನೂರು ಹೆಗ್ಗಡಿತಿ’ ಇನ್ನೊಂದು ಕಡೆ, ‘ಜಲಗಾರ’ ಮತ್ತೊಂದು ಕಡೆ, ‘ಮಲೆನಾಡಿನ ಚಿತ್ರಗಳು’ ಮಗದೊಂದು ಕಡೆ. ಮುಖಗಳನ್ನು ಕಂಡುಹಿಡಿದವರೇ ಯಾವ ಮುಖ ಮುಂದಿರಬೇಕೆಂಬಲ್ಲಿ ಹಳೆಯ ಪಠ್ಯಕ್ರಮಕ್ಕೆ ಸೋತರು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕನ್ನಡದ ಸಾಹಿತ್ಯರಾಶಿಯನ್ನು ಕವಿ ಮತ್ತು ಕಾಲದ ಅನುಕ್ರಮದಲ್ಲಿ ಜೋಡಿಸಿದವು, ಗಣಿತ, ವೈದ್ಯ, ಜ್ಯೋತಿಷ ಬರೆದವರೂ ಮಹಾಕವಿಗಳ ಸಾಲಿನಲ್ಲೇ ಕುಳಿತರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯೂ ಸಾಹಿತ್ಯದಲ್ಲಿ ಬಹುತೇಕ ಲೇಖಕನನ್ನೇ ಮುಂದಿಡುತ್ತದೆ. 1962ರಿಂದ ಪಿಎಲ್-480 ಎಂಬ ಅಮೆರಿಕದ ಯೋಜನೆಯಡಿ ಕನ್ನಡ ಪುಸ್ತಕಗಳು ಹಡಗು ಹತ್ತಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋದವು. ಆ ಪದ್ಧತಿ ನಡೆಸುವ ಗ್ರಂಥಾಲಯಗಳಲ್ಲಿ ಕುವೆಂಪು ಒಟ್ಟಿಗಿದ್ದಾರೆ. ತವರಿನಲ್ಲಿ ಪಾಲಾದ ಸಂಸಾರ ಪರದೇಶದಲ್ಲಿ ಒಂದೇ ಸೂರಿನಡಿ ಬಾಳುತ್ತಿದೆ.

ಶಿವರಾಮ ಕಾರಂತರ ಸ್ಥಿತಿ ಇನ್ನೂ ಶೋಚನೀಯ. ‘ಮೂಕಜ್ಜಿಯ ಕನಸುಗಳು’ ಕಾದಂಬರಿ, ‘ಯಕ್ಷಗಾನ ಬಯಲಾಟ’ ರಂಗಕಲೆ, ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆತ್ಮಕಥೆ, ‘ಅಬೂವಿನಿಂದ ಬರಾಮಕ್ಕೆ’ ಪ್ರವಾಸ, ‘ಬಾಲಪ್ರಪಂಚ’ ವಿಶ್ವಕೋಶ, ‘ಸಿರಿಗನ್ನಡ ಅರ್ಥಕೋಶ’ ನಿಘಂಟು. ಒಂದೇ ಕುತೂಹಲ ಆರು ಕಡೆ ಕೈಚಾಚಿದ್ದನ್ನು ಕಾಣಬೇಕಾದವನಿಗೆ ಕಾಣುವುದು ಆರು ಅಪರಿಚಿತ ಪುಸ್ತಕಗಳು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ (1991) ಹೆಸರಿನಲ್ಲೇ ಕತೆ ಹೊತ್ತುಕೊಂಡಿದೆ; ಒಳಗಿರುವುದು ಮೂಡಿಗೆರೆಯ ಸುತ್ತಣ ಕಾಡು, ನಾಯಿ, ಶಿಕಾರಿ, ಹಕ್ಕಿ, ಜನ, ಸ್ವಂತ ಅನುಭವ. ಕಥಾಸಂಕಲನವೆಂದರೆ ಅದರ ವಿಜ್ಞಾನಕ್ಕೆ ಅನ್ಯಾಯ, ಪರಿಸರ ವಿಜ್ಞಾನವೆಂದರೆ ಅದರ ಕತೆಗಾರಿಕೆಗೆ. ‘ಕರ್ವಾಲೊ’ (1980) ಓದಿ ಮುಗಿಸಿದವನು ಮುಂದೆ ಹೋಗಬೇಕಾದದ್ದು ಈ ಪುಸ್ತಕಕ್ಕೆ. ಪ್ರಕಾರದ ಕಪಾಟು ಅವನನ್ನು ಅಕ್ಷರಾನುಕ್ರಮದಲ್ಲಿ ಪಕ್ಕದಲ್ಲಿರುವ ಯಾವುದೋ ಸಾಂಸಾರಿಕ ಕಾದಂಬರಿಯ ಕಡೆ ತಿರುಗಿಸುತ್ತದೆ.

ವಾಗ್ಳೆ ಎಸ್ಟೇಟ್‌ನ ಓದುಗನಿಗೆ ಇದು ಪಂಡಿತರ ಚರ್ಚೆಯಲ್ಲ. ಕಂಪನಿಯಲ್ಲಿ ಪಾಳಿ ಮುಗಿಸಿ ಬಂದವನು, ಹೋಟೆಲಿನ ಗಲ್ಲೆಯಲ್ಲಿ ಕುಳಿತವನು ‘ನಮ್ಮಂಥವರ ಬಗ್ಗೆ, ಈ ಊರಿನ ಬಗ್ಗೆ ಕನ್ನಡದಲ್ಲಿ ಏನಿದೆ’ ಎಂದು ಕೇಳಿದರೆ ಉತ್ತರ ಸಮೃದ್ಧವಾಗಿದೆ. ಬೇಕ್‌ಲೈಟ್ ಉದ್ಯಮದಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಂಪನಿಯೊಂದರೊಳಗೆ ಬೇಟೆಗೆ ಸಿಕ್ಕಿದ ನಾಗಪ್ಪನ ಕತೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕೂಡ ಮುಂಬಯಿಯ ಕಾದಂಬರಿಯೇ. 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಔಷಧ ಕಂಪನಿಯಲ್ಲಿ ಜೀವರಸಾಯನ ತಜ್ಞರಾಗಿದ್ದ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿಎಸ್‌ಸಿ ಬಹುಮಾನ ಪಡೆದವು. ಅವರ ಕವನಗಳಲ್ಲಿ, ‘ಬೊಗಸೆಯಲ್ಲಿ ಮಳೆ’ಯ ಅಂಕಣಗಳಲ್ಲಿ ಬೀಳುವುದೂ ಬಹಳಷ್ಟು ಇದೇ ಊರಿನ ಮಳೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ (1926), ಮುಂಬಯಿಯ ಕರ್ನಾಟಕ ಸಂಘ (1933) ಇವುಗಳ ಪ್ರಕಟಣೆಗಳಲ್ಲಿ ವಲಸೆ ಬಂದವರ ನೆನಪು, ಚರಿತ್ರೆ, ವ್ಯಕ್ತಿಚಿತ್ರ ಹರಡಿವೆ. ಪ್ರಕಾರದ ಕಪಾಟಿನಲ್ಲಿ ಇವು ಕಾದಂಬರಿ, ಕತೆ, ಕವನ, ಅಂಕಣ, ಸಂಕೀರ್ಣಗಳಲ್ಲಿ ಚೆಲ್ಲಾಪಿಲ್ಲಿ. ಪಾಳಿ ಮುಗಿಸಿ ಬಂದವನಿಗೆ ಐದು ಕಪಾಟು ತಡಕುವ ವ್ಯವಧಾನವಿಲ್ಲ. ಅವನು ಕೈಗೆ ಸಿಕ್ಕ ವಾರಪತ್ರಿಕೆ ಹಿಡಿದು ಹೊರಡುತ್ತಾನೆ. ಸಂಘದವರು ‘ಈಗಿನವರು ಓದುವುದಿಲ್ಲ’ ಎನ್ನುತ್ತಾರೆ.

ಪುಸ್ತಕದ ಭೌತಿಕ ರೂಪದಿಂದ ವಿಂಗಡಿಸುವ ಪದ್ಧತಿ ಇದಕ್ಕಿಂತ ನಿರಪಾಯಕಾರಿಯಾಗಿ ತೋರುತ್ತದೆ, ಆದರೆ ಹಾಗಿಲ್ಲ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಲೆಕ್ಕಪತ್ರದ ವಸ್ತುವೆಂದೂ, ತಾಳೆಗರಿಯನ್ನು ಗ್ರಂಥವೆಂದೂ ಎಣಿಸಿದ ಅಭ್ಯಾಸ ಹಳೆಯದು. ಕಡತವೆಂಬ ಪದ ಸರಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡದ್ದೂ ಇದರಿಂದಲೇ. ಶೃಂಗೇರಿ ಮಠದ ಕಡತಗಳು ಇಂದು ಚರಿತ್ರೆಯ ಅಮೂಲ್ಯ ಆಕರ. ರೂಪ ನೋಡಿ ಬೆಲೆ ಕಟ್ಟಿದವನು ಅವುಗಳನ್ನು ಲೆಕ್ಕದ ಬಟ್ಟೆಯೆಂದು ಮೂಲೆಗೆ ಹಾಕುತ್ತಿದ್ದ. ಅಚ್ಚಿನ ಕಾಲದಲ್ಲೂ ಇದು ಮುಂದುವರಿಯಿತು. ಪುಸ್ತಕದ ಎರಡನೆಯ ಪುಟದಲ್ಲಿ ‘1/8 ಡೆಮ್ಮಿ’ ಎಂದು, ಕಾಗದದ ತೂಕದೊಡನೆ, ಅಚ್ಚಾಗುವ ಗಾತ್ರ ಕನ್ನಡದಲ್ಲಿ ಮರ್ಯಾದೆಯ ಗಾತ್ರ. ಅಂಗೈಯಗಲದ್ದು ಬಂದರೆ ಅದು ಮಕ್ಕಳದ್ದೋ ಅಗ್ಗದ್ದೋ ಆಗಿಬಿಡುತ್ತದೆ. 1970ರ ದಶಕದಲ್ಲಿ ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳಾಗಿ ಬಂದ ‘ಭಾರತ-ಭಾರತಿ’ ಮಾಲೆಯಂಥವು ಕಪಾಟಿನಲ್ಲಿ ನಿಲ್ಲಲಾರದಷ್ಟು ತೆಳ್ಳಗಿರುವುದರಿಂದಲೇ ರಟ್ಟಿನ ಡಬ್ಬ ಸೇರುವ ಪೈಕಿ. ತಿಂಗಳಿಗೊಂದು ಇಡೀ ಕಾದಂಬರಿ ಹೊತ್ತು ಬರುತ್ತಿದ್ದ ಮಾಸಿಕಗಳನ್ನು ಪತ್ರಿಕೆಯೆಂದು ರದ್ದಿಗೆ ಹಾಕಿದರು. ಅದೇ ಕಾದಂಬರಿ ರಟ್ಟು ಹೊದ್ದು ಬಂದಾಗ ಹಣ ಕೊಟ್ಟು ಕೊಂಡರು. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ಬೈಂಡ್ ಮಾಡಿಸಿಟ್ಟುಕೊಂಡ ಗೃಹಿಣಿಯರು ಗ್ರಂಥಪಾಲರಿಗಿಂತ ಜಾಣರು. ಕೃತಿ ಯಾವುದು, ಅದು ತೊಟ್ಟ ಅಂಗಿ ಯಾವುದು ಎಂಬ ವಿವೇಕ ಅವರಿಗಿತ್ತು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಇದೇ ವಿವೇಕವನ್ನು ಕೃತಿ, ಅಭಿವ್ಯಕ್ತಿ, ಮೂರ್ತ ರೂಪ, ಪ್ರತಿ ಎಂಬ ನಾಲ್ಕು ಹಂತಗಳಾಗಿ ನಿರೂಪಿಸಿದ್ದು 1998ರಲ್ಲಿ. ಇ-ಪುಸ್ತಕಕ್ಕೆ ಬೇರೆ ಪಟ್ಟಿ, ಕೇಳುಪುಸ್ತಕಕ್ಕೆ ಬೇರೆ ಪಟ್ಟಿ ಮಾಡಿ ಒಂದನ್ನು ಹುಡುಕಿದವನಿಗೆ ಇನ್ನೊಂದು ಇದೆಯೆಂದೇ ತಿಳಿಯದಂತೆ ಮಾಡುವುದು ಅದೇ ಹಳೆಯ ತಪ್ಪು.

ಪ್ರಕಾರವಾದಿಗಳ ಉತ್ತರಗಳಲ್ಲಿ ಮೊದಲನೆಯದು, ಓದುಗರೇ ಪ್ರಕಾರ ಹೇಳಿ ಕೇಳುತ್ತಾರೆ ಎಂಬುದು. ಅವರು ಹಾಗೆ ಕೇಳುವುದು ಚೀಟಿಗಳು ಹಾಗಿರುವುದರಿಂದ. ನಾಟಕದ ವಿಷಯವನ್ನೇ ನೋಡಬಹುದು: ಪ್ರಕಾರವಾರು ವಿಂಗಡಣೆ ಸಮರ್ಥನೀಯವಾಗಿ ಕಾಣುವುದು ಅಲ್ಲಿಯೇ. ಆದರೆ ವಾರ್ಷಿಕೋತ್ಸವಕ್ಕೆ ನಾಟಕ ಹುಡುಕುವ ಸಂಘದವರಿಗೆ ಬೇಕಾದದ್ದು ಪಾತ್ರಗಳೆಷ್ಟು, ಹೆಂಗಸರ ಪಾತ್ರವೆಷ್ಟು, ಒಂದು ಗಂಟೆಯಲ್ಲಿ ಮುಗಿಯುತ್ತದೆಯೇ ಎಂಬುದು. ‘ನಾಟಕ’ ಎಂಬ ಚೀಟಿ ಇದಾವುದನ್ನೂ ಹೇಳುವುದಿಲ್ಲ. ಎರಡನೆಯದು, ಒಂದು ಪ್ರತಿ ಒಂದೇ ಜಾಗದಲ್ಲಿ ಇರಲು ಸಾಧ್ಯ, ಆದ್ದರಿಂದ ಒಂದು ಖಾನೆ ಆರಿಸಲೇಬೇಕು ಎಂಬುದು. ನಿಜ, ಆದರೆ ಅದರ ಬಗೆಗಿನ ಚೀಟಿಗಳು ಎಷ್ಟು ಜಾಗದಲ್ಲಿ ಬೇಕಾದರೂ ಇರಬಹುದು. ಡ್ಯೂಯಿಯ ಪದ್ಧತಿ ಹೊರಬಂದ 1876ರಲ್ಲೇ ಚಾರ್ಲ್ಸ್ ಕಟರ್ ಪ್ರಕಟಿಸಿದ ಸೂಚಿಯ ನಿಯಮಗಳಲ್ಲಿ ಲೇಖಕ, ಶೀರ್ಷಿಕೆ, ವಿಷಯ ಇವುಗಳಿಂದ ಪುಸ್ತಕ ಸಿಗುವಂತೆ ಮಾಡುವುದರ ಜತೆಗೆ ಸಾಹಿತ್ಯದ ಬಗೆಯೂ ಒಂದು ದಾರಿ. ದಾರಿಯಾಗಿ ಅದು ಇರಲಿ ಎಂಬುದಕ್ಕೆ ತಕರಾರಿಲ್ಲ. ಮೂರನೆಯದು, ವಿದ್ಯಾರ್ಥಿಗಳಿಗೆ ಪ್ರಕಾರದ ಇತಿಹಾಸ ಬೇಕು ಎಂಬುದು. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ತಕ್ಕಂತೆ ಊರಿನ ಗ್ರಂಥಾಲಯವನ್ನು ಜೋಡಿಸಬೇಕೆಂಬ ವಾದಕ್ಕೆ ಹೆಚ್ಚಿನ ಉತ್ತರ ಬೇಕಿಲ್ಲ. ಗಡಿಯಾಚೆಯ ದೊಡ್ಡ ಅಂಗಡಿಗಳಲ್ಲಿ ಕನ್ನಡ ಸಿಕ್ಕರೂ ಅದು ಸಿಗುವುದು ‘ಪ್ರಾದೇಶಿಕ ಭಾಷೆ’ ಎಂಬ ಒಂದೇ ಫಲಕದಡಿ. ಅಲ್ಲಿ ಪಂಪನಿಂದ ಅಡುಗೆ ಪುಸ್ತಕದ ತನಕ ಭಾಷೆಯೇ ಪ್ರಕಾರ. ಹೊರಗಿನವರ ಆ ಉದಾಸೀನಕ್ಕೂ ಒಳಗಿನವರ ಅತಿ ವಿಂಗಡಣೆಗೂ ಮೂಲ ಒಂದೇ: ಚೀಟಿ ಅಂಟಿಸಿದ ಮೇಲೆ ಪುಸ್ತಕ ತೆರೆಯಬೇಕಾಗಿಲ್ಲ ಎಂಬ ನೆಮ್ಮದಿ.

ಸಣ್ಣ ಕನ್ನಡ ಸಂಗ್ರಹವೊಂದು, ಉದಾಹರಣೆಗೆ ಥಾಣೆಯ ಮೂರು ಕಪಾಟು, ಮಾಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಪುಸ್ತಕಕ್ಕೂ ಪ್ಲಾಟ್ ನಂಬರಿನಂಥ ಒಂದು ಅರ್ಥವಿಲ್ಲದ ಅಂಕಿ, ಅದು ಬದಲಾಗುವುದಿಲ್ಲ. ಕಪಾಟಿನಲ್ಲಿ ಲೇಖಕರ ಅನುಕ್ರಮ, ಒಬ್ಬ ಲೇಖಕರದ್ದೆಲ್ಲ ಒಟ್ಟಿಗೆ. ಲೇಖಕರಿಲ್ಲದ ಪ್ರಸಂಗ, ಜನಪದ, ಸಂಪಾದಿತ ಗ್ರಂಥಗಳಿಗೆ ಶೀರ್ಷಿಕೆಯ ಅನುಕ್ರಮ. ಒಂದು ಲೆಡ್ಜರಿನಲ್ಲೋ ಕಂಪ್ಯೂಟರಿನ ಹಾಳೆಯಲ್ಲೋ ಪ್ರತಿ ಪುಸ್ತಕದ ಮುಂದೆ ಊರು, ಕಾಲ, ಕಸುಬು, ವಿಷಯ, ಯಾವ ವಯಸ್ಸಿನವರಿಗೆ, ಮೂಲ ಭಾಷೆ, ನಾಟಕವಾದರೆ ಪಾತ್ರಗಳ ಸಂಖ್ಯೆ, ಮತ್ತು ಇವುಗಳ ನಡುವೆ ಒಂದಾಗಿ ಪ್ರಕಾರ. ‘ಪರಿಸರದ ಕತೆ’ಯ ಮುಂದೆ ಕತೆ, ಪರಿಸರ, ಮೂಡಿಗೆರೆ, ನೆನಪು ನಾಲ್ಕನ್ನೂ ಬರೆಯಲು ಯಾರ ಅಪ್ಪಣೆಯೂ ಬೇಡ. ‘ಮುಂಬಯಿ’ ಎಂದು ಹುಡುಕಿದರೆ ಚಿತ್ತಾಲ, ಬಲ್ಲಾಳ, ಕಾಯ್ಕಿಣಿ ಒಟ್ಟಿಗೆ ಎದ್ದು ಬರಬೇಕು. ರೂಪದ ಲೆಕ್ಕದಲ್ಲಿ ಬೇರೆ ಇಡಬೇಕಾದದ್ದು ಕಪಾಟಿನ ಎತ್ತರಕ್ಕೆ ಹಿಡಿಸದ ಭೂಪಟ, ಚಿತ್ರಸಂಪುಟಗಳನ್ನು ಮಾತ್ರ. ಅವುಗಳ ಜಾಗದಲ್ಲಿ ಅಂಕಿ ಬರೆದ ಮರದ ತುಂಡೊಂದನ್ನು ನಿಲ್ಲಿಸಿ, ಪುಸ್ತಕ ಕೆಳಗಿನ ಖಾನೆಯಲ್ಲಿದೆಯೆಂದು ಅದರ ಮೇಲೆ ಬರೆದರೆ ಆಯಿತು.